ದೇವರಕಾಡು ನಮ್ಮದು, ಲೇಖನ ಯಾರದು?

ಕೊಡಗಿನ ದೇವರಕಾಡುಗಳ ಕುರಿತು 2005ರಲ್ಲಿ ಎರಡು ಸಂಶೋಧನಾ ಲೇಖನಗಳು ಬಂದವು. ಎರಡನ್ನೂ ಬರೆದವರು ಅದೇ ನಾಲ್ವರು. ಆಕ್ಸ್‌ಫರ್ಡ್‌ನಿಂದ ಬಂದ ಶೋನಿಲ್ ಭಾಗವತ್ ಅವರಲ್ಲೊಬ್ಬರು. ಗೋಣಿಕೊಪ್ಪಲಿನ ಪಕ್ಕದ ಪೊನ್ನಂಪೇಟೆ ಅರಣ್ಯ ಕಾಲೇಜಿನ ಸಿ.ಜಿ. ಕುಶಾಲಪ್ಪ ಇನ್ನೊಬ್ಬರು. ಒಂದು ಲೇಖನ 'ಇಕಾಲಜಿ ಅಂಡ್ ಸೊಸೈಟಿ'ಯಲ್ಲಿದೆ, ಯಾರು ಬೇಕಾದರೂ ಬಿಟ್ಟಿಯಾಗಿ ಓದಬಹುದು. ಇನ್ನೊಂದು ಚಂದಾ ಕಟ್ಟಿ ಓದುವ 'ಕನ್ಸರ್ವೇಶನ್ ಬಯಾಲಜಿ'ಯಲ್ಲಿದೆ. ಕಾಡು ಅದೇ, ದುಡಿಮೆ ಅದೇ. ಬಾಗಿಲು ಮಾತ್ರ ಬೇರೆ.

ಈ ಅಧ್ಯಯನ ಮರ, ಹಕ್ಕಿ, ಅಣಬೆ ಮೂರನ್ನೂ ಎಣಿಸಿ, ದೇವರಕಾಡು, ಮೀಸಲು ಅರಣ್ಯ, ಕಾಫಿ ತೋಟಗಳನ್ನು ಹೋಲಿಸಿ ನೋಡಿತು. ಇಲ್ಲಿಗಷ್ಟೇ ಸೀಮಿತವಾದ ಮರಗಳು ಮೀಸಲು ಅರಣ್ಯದಲ್ಲೇ ಹೆಚ್ಚು. ಆದರೆ ಅಳಿವಿನಂಚಿನ ಮರಗಳು ದೇವರಕಾಡಿನಲ್ಲಿ ಹೆಚ್ಚು. ಅವುಗಳಲ್ಲಿ ಕೆಲವು ಮೀಸಲು ಅರಣ್ಯದಲ್ಲಿ ಸಿಗಲೇ ಇಲ್ಲ. ದೇವರಕಾಡಿನ ಅಂಚು ಒತ್ತುವರಿಯಾದಾಗ ವಾದಿಸಲು ಊರಿನವರ ಕೈಯಲ್ಲಿ ಇರಬೇಕಾದ ಮಾತು ಇದು. ಭಕ್ತಿಯ ಮಾತಲ್ಲ, ಎಣಿಕೆಯ ಮಾತು.

ಅದಕ್ಕೆ ಆ ತೂಕ ಬಂದದ್ದು ಜರ್ನಲ್ ಪದ್ಧತಿಯಿಂದಲೇ, ಒಪ್ಪಿಕೊಳ್ಳಬೇಕು. ಲೇಖನ ಕಳಿಸಿದರೆ ಸಂಪಾದಕರು ಅದೇ ವಿಷಯ ಬಲ್ಲ ಇಬ್ಬರು ಮೂವರಿಗೆ ಕೊಡುತ್ತಾರೆ. ಅವರು ಕೊಂಕು ಹುಡುಕುತ್ತಾರೆ, ತಿದ್ದಿಸುತ್ತಾರೆ, ಎಷ್ಟೋ ಸಲ ತಿರಸ್ಕರಿಸುತ್ತಾರೆ. ಈ ಜರಡಿ ತಪ್ಪೇ ಮಾಡದು ಎಂದಲ್ಲ. ಆದರೂ ಇದಕ್ಕಿಂತ ಒಳ್ಳೆಯದನ್ನು ಯಾರೂ ಇನ್ನೂ ತಂದಿಲ್ಲ.

ನನ್ನ ತಕರಾರು ಜರಡಿಯ ಮೇಲಲ್ಲ, ಗಲ್ಲಾಪೆಟ್ಟಿಗೆಯ ಮೇಲೆ. ಸಂಶೋಧನೆಗೆ ಹಣ ಹೆಚ್ಚಾಗಿ ಸರ್ಕಾರದ್ದು. ಬರೆದವರಿಗೆ ಸಂಭಾವನೆಯಿಲ್ಲ, ಪರಿಶೀಲಿಸಿದವರಿಗೂ ಸಾಮಾನ್ಯವಾಗಿ ಇಲ್ಲ. ಕೊನೆಗೆ ಅದನ್ನು ಓದಲು ಅದೇ ವಿಶ್ವವಿದ್ಯಾಲಯಗಳು ಚಂದಾ ಕಟ್ಟಬೇಕು. ಓದುಗರಿಗೆ ಮುಕ್ತವಾಗಿರಲಿ ಎಂದರೆ ಬರೆದವರ ಮೇಲೆ ಶುಲ್ಕ ಬೀಳುತ್ತದೆ: 'ನೇಚರ್' 2021ರಲ್ಲಿ ಒಂದು ಲೇಖನಕ್ಕೆ ಇಟ್ಟ ದರ 9,500 ಯೂರೋ. ನಮ್ಮ ಕಾಲೇಜುಗಳ ಪ್ರಾಧ್ಯಾಪಕರು ಅಷ್ಟು ಎಲ್ಲಿಂದ ತರಬೇಕು? ಬೆಂಗಳೂರಿನಲ್ಲೇ, ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ ತನ್ನ ಜರ್ನಲ್‌ಗಳ ಲೇಖನಗಳನ್ನು ಜಾಲತಾಣದಲ್ಲಿ ಬಿಟ್ಟಿ ಕೊಡುತ್ತ ಬಂದಿದೆ. ದಾರಿ ಇಲ್ಲವೆಂದೇನೂ ಅಲ್ಲ.

ಕೇಂದ್ರ ಸರ್ಕಾರ ಹಿಡಿದದ್ದು ಬೇರೆ ದಾರಿ. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ 'ಒಂದು ದೇಶ ಒಂದು ಚಂದಾ' ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆದುಕೊಂಡವು. ವಿದ್ಯಾರ್ಥಿಗಳಿಗೆ ದೊಡ್ಡ ಉಪಕಾರವೇ, ಸರಿ. ಆದರೆ ಯಾವ ಸಂಸ್ಥೆಗೂ ಸೇರದ ಗೋಣಿಕೊಪ್ಪಲಿನ ಬೆಳೆಗಾರ, ಯಾರ ತೋಟದಲ್ಲಿ ಇಂಥ ಮರ ಎಣಿಕೆ ನಡೆಯುತ್ತದೋ ಆತ, ಹೊರಗೇ ಉಳಿದ. ದುಡ್ಡು ಹೋದದ್ದು ಬೀಗ ಒಡೆಯಲು ಅಲ್ಲ, ಬೀಗದ ಕೈ ಬಾಡಿಗೆಗೆ ಪಡೆಯಲು.

ಸಂಶೋಧಕರೂ ಪೂರ್ತಿ ನಿರಪರಾಧಿಗಳಲ್ಲ. ಬಡ್ತಿಗೆ ಬೇಕಾದದ್ದು ಇಂಗ್ಲಿಷ್ ಲೇಖನ, ಅದರ ಜರ್ನಲಿನ ಅಂತಸ್ತು. ಎರಡು ಪುಟದ ಕನ್ನಡ ಸಾರಾಂಶಕ್ಕೆ ಅರ್ಧ ಅಂಕವೂ ಇಲ್ಲ, ಹಾಗಾಗಿ ಯಾರೂ ಬರೆಯುವುದಿಲ್ಲ. ಕೊಡಗಿನ ನೆಲದಲ್ಲಿ ನಡೆದ ಪ್ರತಿ ಅಧ್ಯಯನಕ್ಕೂ ಅಂಥ ಸಾರಾಂಶ ಕಡ್ಡಾಯವಾಗಬೇಕು; ವಿಶ್ವವಿದ್ಯಾಲಯಗಳು ಮನಸ್ಸು ಮಾಡಿದರೆ ಒಂದು ಸುತ್ತೋಲೆಯ ಕೆಲಸ.

ಅಲ್ಲಿಯವರೆಗೆ 'ಇಕಾಲಜಿ ಅಂಡ್ ಸೊಸೈಟಿ'ಯ ಆ ಲೇಖನ ಇದ್ದೇ ಇದೆ. ಇಂಗ್ಲಿಷ್ ಓದಬಲ್ಲ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡಾದರೂ ಓದಿಸಿ. ನಿಮ್ಮೂರಿನ ದೇವರಕಾಡಿನ ಬಗ್ಗೆ ಅದರಲ್ಲಿ ತಪ್ಪು ಕಂಡರೆ, ಬರೆದವರಿಗೆ ತಿಳಿಸಿ.