ನಾಯಿಗುತ್ತಿಯ ಪರವಾಗಿ

ಕನ್ನಡ ಕಾದಂಬರಿಯ ಚರಿತ್ರೆ ಹೇಳುವವರ ಬಳಿ ಒಂದು ಸಿದ್ಧ ಏಣಿ ಇರುತ್ತದೆ. ಕೆಳಗಿನ ಮೆಟ್ಟಿಲಲ್ಲಿ ಕಾರಂತರ ಚೋಮ, ನಡುವೆ ನವ್ಯರ ಒಂಟಿ ಮನುಷ್ಯ, ಮೇಲೆ ದಲಿತ-ಬಂಡಾಯ. 1933ರಲ್ಲಿ ದಲಿತನೊಬ್ಬ ನಾಯಕನಾದ, 60ರ ದಶಕದಲ್ಲಿ ಕಾದಂಬರಿ ಮನುಷ್ಯನ ಒಳಗನ್ನು ಹೊಕ್ಕಿತು, 70ರ ದಶಕ ಮುಗಿಯುವ ಹೊತ್ತಿಗೆ ದಲಿತರೇ ಬರೆಯತೊಡಗಿದರು. ಅಲ್ಲಿಗೆ ಲೆಕ್ಕ ಚುಕ್ತಾ. ವಿಚಾರ ಸಂಕಿರಣಗಳಲ್ಲಿ ಇದನ್ನು ಕೇಳಿ ಕೇಳಿ ಕಿವಿ ಜಡ್ಡುಗಟ್ಟಿದೆ. ಈ ಏಣಿಯಲ್ಲಿ ಕುವೆಂಪು ಅವರ ನಾಯಿಗುತ್ತಿಗೆ ಜಾಗವಿಲ್ಲ. ಕೇಳಿದರೆ, ‘ಮಲೆಗಳಲ್ಲಿ ಮದುಮಗಳು’ ಮುಕುಂದಯ್ಯ-ಚಿನ್ನಮ್ಮರ ಕಥೆ, ಗುತ್ತಿಯದು ಉಪಕಥೆ ಎಂಬ ಉತ್ತರ ಬರುತ್ತದೆ. ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂದು ಕುವೆಂಪು ಆ ಕಾದಂಬರಿಯ ಬಾಗಿಲಲ್ಲೇ ಬರೆದಿಟ್ಟದ್ದನ್ನು ಭಾಷಣಕ್ಕೆ ಬಳಸುವವರೂ ಒಳಗೆ ಹೋದ ಕೂಡಲೇ ಗೌಡರ ಮನೆಯ ಜಗಲಿಯನ್ನೇ ಹುಡುಕುತ್ತಾರೆ.

ಚೋಮನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ನಾವು ಕೊಡುವ ಮರ್ಯಾದೆಯ ಬಗ್ಗೆ ಅನುಮಾನವಿದೆ. ಅವನಿಗಿರುವುದು ಒಂದೇ ಆಸೆ, ಬೇಸಾಯ ಮಾಡಬೇಕು. ಎತ್ತುಗಳಿವೆ, ಹೊಲವಿಲ್ಲ. ಒಡೆಯ ಸಂಕಪ್ಪಯ್ಯನ ಮನಸ್ಸು ತುಸು ಮೆತ್ತಗಾದರೂ ಅವನ ತಾಯಿ ಬಿಡುವುದಿಲ್ಲ. ಮಗ ನೀಲ ನೀರಿನಲ್ಲಿ ಮುಳುಗುವಾಗ ದಡದಲ್ಲಿ ಜನವಿದ್ದಾರೆ, ಮುಟ್ಟುವವರಿಲ್ಲ. ಮಗಳು ಬೆಳ್ಳಿ ಸಾಲ ತೀರಿಸಲು ತೋಟಕ್ಕೆ ಹೋಗಿ ಮನ್ವೇಲನ ಕೈಗೆ ಸಿಗುತ್ತಾಳೆ. ಕಾರಂತರು ಒಂದೊಂದೇ ಬಾಗಿಲು ಮುಚ್ಚುತ್ತ ಹೋಗಿ, ಕೊನೆಗೆ ಚೋಮನಿಗೆ ದುಡಿಯೊಂದನ್ನೇ ಉಳಿಸುತ್ತಾರೆ. ಓದುಗನ ಎದೆ ಕಲಕುತ್ತದೆ, ನಿಜ. ಆದರೆ ಈ ಚೋಮ ಯಾರಿಗಾದರೂ ಸುಳ್ಳು ಹೇಳಿ ಗೆಲ್ಲುತ್ತಾನೆಯೇ? ಒಡೆಯನ ಬೆನ್ನ ಹಿಂದೆ ನಕ್ಕು ಹಗುರಾಗುತ್ತಾನೆಯೇ? ನಾಯಕನ ಪಟ್ಟ ಸಿಕ್ಕರೂ ಅವನ ಪಾಲಿಗೆ ಬಂದದ್ದು ಸಂಕಟವೊಂದೇ. ಆ ಕಾದಂಬರಿಯನ್ನು ಆಧರಿಸಿದ 1975ರ ಚಿತ್ರದಲ್ಲಿ ವಾಸುದೇವ ರಾವ್ ಆ ಸಂಕಟಕ್ಕೊಂದು ಮರೆಯಲಾಗದ ಮುಖ ಕೊಟ್ಟರು. ಅಲ್ಲಿಂದ ಮುಂದೆ ದಲಿತ ನಾಯಕ ಅಂದರೆ ನಮಗೆ ಅದೇ ಮುಖ.

ನವ್ಯರ ವಿಷಯದಲ್ಲಿ ಇಷ್ಟು ಸೌಜನ್ಯ ನನ್ನಿಂದಾಗದು. ‘ಸಂಸ್ಕಾರ’ವನ್ನೇ ನೋಡಿ. ನಾರಣಪ್ಪನ ಹೆಣ ಸುಡಬೇಕೋ ಬೇಡವೋ ಎಂದು ಇಡೀ ಅಗ್ರಹಾರ ತಲೆ ಕೆಡಿಸಿಕೊಂಡಿದೆ. ಪ್ರಾಣೇಶಾಚಾರ್ಯರು ಗ್ರಂಥ ತಿರುವಿ ಸೋತು, ಮಾರುತಿಯ ಎದುರು ಕೂತೂ ಸೋಲುತ್ತಾರೆ. ಅಷ್ಟರಲ್ಲಿ ನಾರಣಪ್ಪನ ಜೊತೆಗಿದ್ದ ಚಂದ್ರಿ, ಅಹಮದ್ ಬ್ಯಾರಿಯ ನೆರವು ಪಡೆದು ರಾತ್ರೋರಾತ್ರಿ ಹೆಣ ಸುಟ್ಟು, ಕುಂದಾಪುರದ ದಾರಿ ಹಿಡಿಯುತ್ತಾಳೆ. ಕಾದಂಬರಿಯ ಸಮಸ್ಯೆ ಬಗೆಹರಿಸಿದವಳು ಅವಳು. ಅನಂತಮೂರ್ತಿಯವರ ಲೇಖನಿ ಮಾತ್ರ ಅವಳ ಹಿಂದೆ ಹೋಗುವುದಿಲ್ಲ; ಆಚಾರ್ಯರ ತಳಮಳದ ಬೆನ್ನು ಹತ್ತುತ್ತದೆ. ‘ಭಾರತೀಪುರ’ದಲ್ಲಿ ಇದು ಇನ್ನೂ ಢಾಳಾಗಿ ಕಾಣುತ್ತದೆ. ಜಗನ್ನಾಥ ಸಾಲಿಗ್ರಾಮವನ್ನು ಅಂಗಳಕ್ಕೆ ತಂದು ದಲಿತರಿಗೆ ಮುಟ್ಟಿ ಎನ್ನುತ್ತಾನೆ, ಅವರು ಹೆದರಿ ಹಿಂದೆ ಸರಿಯುತ್ತಾರೆ. ಆ ಕ್ಷಣ ಕಥೆ ನೋಡುವುದು ಜಗನ್ನಾಥನ ಕಣ್ಣಿನಿಂದ. ಅವರಲ್ಲೊಬ್ಬನಾದ ಪಿಳ್ಳನ ತಲೆಯೊಳಗೆ ಏನು ಓಡುತ್ತಿತ್ತು? ಲೇಖಕರು ಅದನ್ನು ಬಲ್ಲೆನೆಂದು ನಟಿಸಲಿಲ್ಲ, ಅದು ಪ್ರಾಮಾಣಿಕತೆ ಎಂದು ಹೊಗಳಿದವರಿದ್ದಾರೆ. ನನಗದು ಸೋಮಾರಿತನವಾಗಿ ಕಾಣುತ್ತದೆ.

ಈಗ ಗುತ್ತಿಗೆ ಬರೋಣ. ನಾನು ಅವನ ಪಕ್ಷಪಾತಿ, ಮುಚ್ಚಿಡುವುದೇನಿಲ್ಲ. 1967ರ ಆ ಬೃಹತ್ ಕಾದಂಬರಿ ಶುರುವಾಗುವುದೇ ಅವನಿಂದ. ಸಿಂಬಾವಿ ಭರಮೈ ಹೆಗ್ಗಡೆಯವರ ಜೀತದಾಳು, ಜೊತೆಗೆ ಊರಿಗೆ ಊರೇ ಹೆದರುವ ನಾಯಿ ಹುಲಿಯ. ಹೊರಟಿರುವುದು ಒಡೆಯರ ಕೆಲಸಕ್ಕೆ. ಮನಸ್ಸಿನಲ್ಲಿರುವುದು ಬೆಟ್ಟಳ್ಳಿ ಹೊಲಗೇರಿಯ ತಿಮ್ಮಿಯನ್ನು ಹಾರಿಸಿಕೊಂಡು ಬರುವ ಹಂಚಿಕೆ. ಅವಳನ್ನು ಬಚ್ಚನಿಗೆ ಕಟ್ಟಬೇಕೆಂದು ಅಲ್ಲಿನ ಕಲ್ಲಯ್ಯಗೌಡರ ಮನೆಯಲ್ಲಿ ಆಗಲೇ ತೀರ್ಮಾನವಾಗಿದೆ. ಗುತ್ತಿ ಎಂಥವನು? ಬೊಗಳೆ ಕೊಚ್ಚುತ್ತಾನೆ, ದೆವ್ವಕ್ಕೆ ಹೆದರುತ್ತಾನೆ, ಸಮಯ ನೋಡಿ ಸುಳ್ಳು ಹೇಳುತ್ತಾನೆ, ದೊಡ್ಡವರ ಗುಟ್ಟುಗಳನ್ನು ಬಲ್ಲವನಾಗಿದ್ದೂ ಪೆಚ್ಚನಂತೆ ನಿಲ್ಲುತ್ತಾನೆ. ತಿಮ್ಮಿಯ ಜೊತೆ ರಾತ್ರಿ ಕಾಡುದಾರಿ ಹಿಡಿದು ಹುಲಿಕಲ್ಲು ನೆತ್ತಿಗೆ ಏರುವ ಭಾಗದಲ್ಲಿ ಕುವೆಂಪು ಅವರಿಬ್ಬರಿಗೆ ಭಯ, ಕಾಮ, ತಮಾಷೆ, ದಣಿವು ಎಲ್ಲವನ್ನೂ ಕೊಟ್ಟಿದ್ದಾರೆ. ಕರುಣೆಯನ್ನು ಮಾತ್ರ ಕೊಟ್ಟಿಲ್ಲ, ಅದು ಅವರಿಗೆ ಬೇಕಾಗಿಯೂ ಇಲ್ಲ. ಹುಲಿಯ ತುಂಗೆಯ ನೆರೆಯಲ್ಲಿ ಕೊಚ್ಚಿಹೋದಾಗ ಗುತ್ತಿ ಪಡುವ ಸಂಕಟಕ್ಕೆ ಯಾವ ಸಾಮಾಜಿಕ ಸಂದೇಶವನ್ನೂ ಅಂಟಿಸಲಾಗದು. ಅದು ಅವನ ಸ್ವಂತ ದುಃಖ.

ಗೌಡರ ಮನೆಯಲ್ಲಿ ಹುಟ್ಟಿದವರು ಬರೆದ ಜೀತದಾಳಲ್ಲವೇ ಎಂದು ಕೇಳಬಹುದು. ಕೇಳಲೇಬೇಕು. ಇದೇ ಕುವೆಂಪು 1936ರಲ್ಲಿ ‘ಕಾನೂರು ಹೆಗ್ಗಡಿತಿ’ ಬರೆದಾಗ ಮಲೆನಾಡಿನ ಸೌಂದರ್ಯಕ್ಕೆ ಮೈಮರೆಯುವ ಹಕ್ಕು ಓದುಬರಹ ಬಲ್ಲ ಹೂವಯ್ಯನದಾಗಿತ್ತು. (ಹೂವಯ್ಯ ನನಗೆ ಆಗಲೂ ಬೇಸರ ತರಿಸಿದ್ದ, ಈಗಲೂ ತರಿಸುತ್ತಾನೆ.) ಮೂರು ದಶಕ ಕಳೆದ ಮೇಲೆ ಅದೇ ಕಾಡನ್ನು ನಮಗೆ ಮೊದಲು ತೋರಿಸುವವನು ಗುತ್ತಿ. ಮುಂದೆ ದೇವನೂರರ ‘ಒಡಲಾಳ’ದಲ್ಲಿ ಸಾಕವ್ವ ಕಳೆದುಹೋದ ಹುಂಜಕ್ಕಾಗಿ ಊರೆಲ್ಲ ಬೈದಾಡುವಾಗ, ಇಡೀ ಮನೆ ಕದ್ದ ಕಡಲೆಕಾಯಿಯನ್ನು ಬೆಳಗಾಗುವುದರೊಳಗೆ ತಿಂದು ಮುಗಿಸುವಾಗ, ನನಗೆ ನೆನಪಾಗುವುದು ಚೋಮನಲ್ಲ, ಗುತ್ತಿ.

ತಕರಾರು ನಿಜವಾಗಿ ನಮ್ಮ ಅಭಿರುಚಿಯದು. ತರಗತಿಯಲ್ಲಿ ‘ಆಳವಾದ ಪಾತ್ರ’ ಎಂದು ನಾವು ಕಲಿಸುವುದು ದ್ವಂದ್ವದಲ್ಲಿ ಬೇಯುವವನನ್ನು. ಪಾಪಪ್ರಜ್ಞೆಗೆ ಆಳವಿದೆ, ಹಂಚಿಕೆ ಹಾಕುವ ಬುದ್ಧಿಗೆ ಇಲ್ಲ. ಮೌನಕ್ಕೆ ಆಳವಿದೆ, ಬೈಗುಳಕ್ಕೆ ಇಲ್ಲ. ಈ ಅಳತೆಗೋಲು ಹಿಡಿದರೆ ಸಂಧ್ಯಾವಂದನೆ ಬಿಟ್ಟವನಿಗೆ ಮಾತ್ರ ಒಳಬದುಕು ಇರುತ್ತದೆ, ಅನ್ನಕ್ಕೆ ಓಡಾಡುವವನಿಗೆ ಬರೀ ಹೊರಬದುಕು. ಅಮೆರಿಕದಲ್ಲಿ ಕಾದಂಬರಿ, ಸಿನಿಮಾಗಳ ನಾಯಕರ ಬಣ್ಣ ಎಣಿಸುತ್ತಾರೆ ಎಂದು ನಮ್ಮವರು ನಗುತ್ತಾರೆ. ನಾನು ನಗುವುದಿಲ್ಲ, ಇಲ್ಲಿಯೂ ಎಣಿಸಲಿ. ಆದರೆ ಬರೀ ಎಣಿಸಿದರೆ ಚೋಮನಿಗೆ ಒಂದು ಅಂಕ ಬೀಳುತ್ತದೆ, ಗುತ್ತಿ ಮತ್ತೆ ಉಪಕಥೆಯಾಗುತ್ತಾನೆ. 2010ರಲ್ಲಿ ಬಸವಲಿಂಗಯ್ಯನವರು ಮೈಸೂರಿನ ರಂಗಾಯಣದಲ್ಲಿ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ರಾತ್ರಿಯಿಡೀ ನಾಟಕವಾಗಿ ಆಡಿಸಿದಾಗ ಜನ ಬೆಳಗಿನವರೆಗೆ ಕೂತು ನೋಡಿದರು. ಅವರಿಗೆ ಯಾರೂ ಏಣಿ ತೋರಿಸಿರಲಿಲ್ಲ.

ಕನ್ನಡ ಕಾದಂಬರಿಯ ಅತ್ಯಂತ ಜೀವಂತ ನಾಯಕ ಸಿಂಬಾವಿಯ ಆ ಜೀತದಾಳು. ಪ್ರಾಣೇಶಾಚಾರ್ಯರ ಪರ ವಾದಿಸುವವರಿದ್ದರೆ ವಾದಿಸಲಿ. ಆದರೆ ಮೊದಲು ಚಂದ್ರಿ ಎಲ್ಲಿಗೆ ಹೋದಳು, ಅವಳ ಗತಿ ಏನಾಯಿತು ಎಂದು ಹೇಳಿ ಆಮೇಲೆ ವಾದಕ್ಕೆ ಬರಲಿ.