ಸಗರನಾಡಿನ ಆಕಾಶಕ್ಕೊಂದು ತಂತಿ

ಯಾದಗಿರಿಯಲ್ಲಿ ಹ್ಯಾಮ್ ರೇಡಿಯೊ ಕೇಳಲು ಯಾವ ಹೊತ್ತು ಚೆಂದ ಎಂದು ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ: ಕರೆಂಟ್ ಹೋದ ಹೊತ್ತು. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಟಿವಿ ಪೆಟ್ಟಿಗೆ ಎಲ್ಲವೂ ಸದ್ದಿಲ್ಲದೆ ರೇಡಿಯೊ ಗದ್ದಲ ಹಬ್ಬಿಸುತ್ತಿರುತ್ತವೆ. ಓಣಿ ಕತ್ತಲಾದೊಡನೆ ಸ್ಪೀಕರಿನ ಗರಗರ ಇಳಿಯುತ್ತದೆ. ಅದರಡಿ ಹೂತುಹೋಗಿದ್ದ ದನಿಗಳು ಒಂದೊಂದಾಗಿ ಮೇಲೇಳುತ್ತವೆ. ಸೆಟ್ಟು ಬ್ಯಾಟರಿಯ ಮೇಲೆ ನಡೆಯುತ್ತಿದ್ದರೆ ಸಾಕು, ಬೇಸಿಗೆಯ ರಾತ್ರಿಯ ಪವರ್ ಕಟ್ ನನಗೆ ಹಬ್ಬ.

ಕಲಬುರಗಿ ಆಕಾಶವಾಣಿ ಕೇಳುತ್ತ ಬೆಳೆದವನು ನಾನು. ಶಾರ್ಟ್‌ವೇವ್‌ನಲ್ಲಿ ಮುಳ್ಳು ತಿರುಗಿಸುವಾಗ ಕೆಲವೆಡೆ ಮೂಗಿನಲ್ಲಿ ಗೊಣಗಿದಂಥ, ಅರ್ಥವಾಗದ ಮಾತು ಬರುತ್ತಿತ್ತು. ಅದು ಸಿಂಗಲ್ ಸೈಡ್‌ಬ್ಯಾಂಡ್ ಎಂದು ತಿಳಿದದ್ದು ಎಷ್ಟೋ ಕಾಲದ ಮೇಲೆ. ಹವ್ಯಾಸಿಗಳು ತಮ್ಮ ಶಕ್ತಿಯನ್ನೆಲ್ಲ ಮಾತಿನ ಒಂದು ಪಟ್ಟಿಗೇ ಸುರಿದು ಕಳಿಸುತ್ತಾರೆ. ಉಳಿದದ್ದನ್ನು ಕೇಳುವವನ ಸೆಟ್ಟೇ ಕೂಡಿಸಿಕೊಳ್ಳಬೇಕು. ಅಂಥ ರಿಸೀವರಿನಲ್ಲಿ ಆ ಗೊಣಗಾಟ ತಿಳಿಯಾಗಿ ಬೆಂಗಳೂರಿನ ಒಬ್ಬರ ನಗುವಾದಾಗಲೇ ಪರೀಕ್ಷೆಗೆ ಕೂರಬೇಕೆಂದು ನಿಶ್ಚಯಿಸಿದೆ. ಹನ್ನೆರಡು ವರ್ಷ ತುಂಬಿದ ಯಾರೂ ಬರೆಯಬಹುದಾಗಿದ್ದ ಪರೀಕ್ಷೆಯದು. ಪಾಸಾದವರಿಗೆ ಕೇಂದ್ರ ಸಂಪರ್ಕ ಸಚಿವಾಲಯದ ಲೈಸೆನ್ಸು, ಜೊತೆಗೆ ವಿಯು2 ಅಥವಾ ವಿಯು3 ಎಂದು ಶುರುವಾಗುವ ಕರೆಹೆಸರು. ಆಗ ವಿಯು2 ಬೇಕಾದವರು ನಿಮಿಷಕ್ಕೆ ಎಂಟು ಪದದ ವೇಗದಲ್ಲಿ ಮೋರ್ಸ್ ಕಲಿಯಬೇಕಿತ್ತು. ಮೋರ್ಸ್‌ಗೆ ಕಾಲ ಮುಗಿಯಿತು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಮಾತು ಮುಳುಗಿಹೋಗುವ ಗದ್ದಲದಲ್ಲೂ ಆ ಟಿಕ್‌ಟಿಕ್ ತೇಲಿ ಬರುತ್ತದೆ.

ಹೊಸಬರು ಮೊದಲು ಕೊಳ್ಳುವುದು ಕೈಯಲ್ಲಿ ಹಿಡಿಯುವ ಸೆಟ್ಟು. ದನಿಯನ್ನು ಹಿಡಿದು ಮತ್ತೆ ಬಿತ್ತರಿಸುವ ರಿಪೀಟರ್ ಊರೂರಿಗೆ ಇರುವ ಕಡೆ ಅದು ಸರಿ. ನಮ್ಮದು ಬಂಡೆಗಲ್ಲಿನ ನಾಡು. ಆ ಸೆಟ್ಟಿನ 145 ಮೆಗಾಹರ್ಟ್ಸ್‌ನ ಅಲೆ ಹೆಚ್ಚುಕಡಿಮೆ ಬೆಳಕಿನ ಹಾಗೆ ನೇರಕ್ಕೆ ಹೋಗುವಂಥದ್ದು, ಗುಡ್ಡ ಅಡ್ಡ ಬಂದರೆ ನಿಂತಿತು. ಬೆಟ್ಟಗಳ ನಡುವೆ ಕುಳಿತ ಸುರಪುರದ ಪೇಟೆಯಲ್ಲಿ ಆ ಸೆಟ್ಟು ಮೂಕ. ಟೇಲರ್ ಮಂಜಿಲ್ ಇರುವ ಗುಡ್ಡ ಹತ್ತಿದರೆ ಬಾಯಿ ಬಿಡುತ್ತದೆ. ನೂರು ಮೀಟರ್ ಎತ್ತರದಿಂದ ರೇಡಿಯೊ ದಿಗಂತ ಸುಮಾರು 40 ಕಿಲೋಮೀಟರ್. ಆದರೆ ಮಾತಾಡಬೇಕೆನಿಸಿದಾಗಲೆಲ್ಲ ಗುಡ್ಡ ಹತ್ತಲಾದೀತೆ?

ಹಾಗಾಗಿ ನನ್ನ ಒಲವು 40 ಮೀಟರ್ ಬ್ಯಾಂಡಿನ ಕಡೆಗೆ, 7 ಮೆಗಾಹರ್ಟ್ಸ್‌ಗೆ. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ತಂತಿಯ ಉದ್ದ ಮೀಟರಿನಲ್ಲಿ ಸಿಗುತ್ತದೆ, 7.1ಕ್ಕೆ ಇಪ್ಪತ್ತು ಮೀಟರ್. ನಡುವೆ ಕತ್ತರಿಸಿ ಕೇಬಲ್ ಕೂಡಿಸಿ, ಒಂದು ತುದಿಯನ್ನು ಮಾಳಿಗೆಯ ಕಂಬಕ್ಕೆ, ಇನ್ನೊಂದನ್ನು ಬೇವಿನ ಮರಕ್ಕೆ ಕಟ್ಟಿದರೆ ಆಂಟೆನಾ ಆಯಿತು. ಆರೇಳು ಮೀಟರ್ ಎತ್ತರ ಸಾಕು. ಅಷ್ಟು ತಗ್ಗಿನಲ್ಲಿರುವ ತಂತಿಯಿಂದ ಅಲೆಯ ಬಹುಪಾಲು ನೆಟ್ಟಗೆ ಮೇಲಕ್ಕೇರುತ್ತದೆ. ಹಗಲಲ್ಲಿ ಅಯಾನುಗೋಳದ ಎಫ್ ಪದರ ಅದನ್ನು ಬಾಗಿಸಿ ಸುತ್ತಲಿನ ನೂರಾರು ಕಿಲೋಮೀಟರ್ ನೆಲದ ಮೇಲೆ ಕೆಡವುತ್ತದೆ. ಯಾದಗಿರಿ ಕೋಟೆಯ ಬೆಟ್ಟವಿರಲಿ, ಶಹಾಪುರದ ಬುದ್ಧ ಮಲಗಿದಂಥ ಬೆಟ್ಟವಿರಲಿ, ಮೇಲಿಂದ ಇಳಿಯುವ ಅಲೆಗೆ ಯಾವುದೂ ಅಡ್ಡಿಯಲ್ಲ. ರಾತ್ರಿ ಪದರ ತೆಳುವಾದಾಗ ಹತ್ತಿರದವರು ಮರೆಯಾಗಿ ದೂರದ ದೇಶಗಳು ಕೇಳತೊಡಗುತ್ತವೆ.

ಇದು ಬರೀ ರುಚಿಯ ಮಾತಲ್ಲ. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಅವರ ಹ್ಯಾಮ್ ತಂಡ ಹವ್ಯಾಸಕ್ಕೆಂದೇ ಪೋರ್ಟ್ ಬ್ಲೇರ್‌ಗೆ ಹೋಗಿತ್ತು. 26ರಂದು ಸುನಾಮಿ ಅಪ್ಪಳಿಸಿದಾಗ ಅದೇ ರೇಡಿಯೊಗಳು ದ್ವೀಪಗಳ ಸುದ್ದಿಯನ್ನು ಮುಖ್ಯಭೂಮಿಗೆ ಮುಟ್ಟಿಸಿದವು. ನಮಗೂ ದ್ವೀಪವಿದೆ. ಬಸವಸಾಗರದಿಂದ ನೀರು ಬಿಟ್ಟರೆ ಹೊರಜಗತ್ತಿನ ನಂಟು ಕಡಿದುಕೊಳ್ಳುತ್ತಿದ್ದ ಊರು, ಕೃಷ್ಣೆಯ ನಡುವಿನ ನೀಲಕಂಠರಾಯನಗಡ್ಡಿ. ತುಂಬು ಗರ್ಭಿಣಿಯೊಬ್ಬಳು ಸೋರೆಬುರುಡೆ ಕಟ್ಟಿಕೊಂಡು ಆ ಹೊಳೆ ಈಜಿ ದಡ ಸೇರಿದ್ದು ದೇಶಕ್ಕೆಲ್ಲ ಸುದ್ದಿಯಾಗಿತ್ತು. ಕೃಷ್ಣಾ, ಭೀಮಾ ದಂಡೆಯ ಹೈಸ್ಕೂಲುಗಳಲ್ಲಿ ಇಂಥ ಒಂದು ತಂತಿ, ಒಂದು ಕಾರ್ ಬ್ಯಾಟರಿ, ಲೈಸೆನ್ಸ್ ಪಡೆದ ಒಬ್ಬ ಮೇಷ್ಟ್ರು ಮತ್ತು ನಾಲ್ಕು ಮಕ್ಕಳು ಇರಬೇಕೆಂಬುದು ನನ್ನ ಬಹುದಿನದ ಆಸೆ. ಯಾವುದಾದರೂ ಶಾಲೆ ಮುಂದೆ ಬಂದರೆ ತಂತಿ ಕತ್ತರಿಸಿ ಕಟ್ಟಿಕೊಡಲು ನಾನೇ ಬರುತ್ತೇನೆ.