ಅರ್ಧ ಪುಟದ ಉತ್ತರ, ಹೇಳದೆ ಉಳಿದ ಮಾತು

ಹುಕ್ಕೇರಿ ತಾಲ್ಲೂಕಿನ ಹಳ್ಳಿಗಳಲ್ಲಿ ಮನಸ್ಸಿನ ಕಾಯಿಲೆಗೆ ಬಹುಕಾಲ ಎರಡೇ ದಾರಿಗಳಿದ್ದವು. ಮೊದಲು ಗುಡಿ, ದರ್ಗಾ, ಸವದತ್ತಿ ಎಲ್ಲಮ್ಮನ ಗುಡ್ಡ. ಅಲ್ಲಿಗೂ ತಗ್ಗದಿದ್ದರೆ ಧಾರವಾಡದ ಮಾನಸಿಕ ಆಸ್ಪತ್ರೆ. ‘ಅಂವನ್ನ ಧಾರವಾಡಕ್ಕ ಹಾಕ್ಯಾರ’ ಎಂದರೆ ಸಾಕು, ಯಾವ ಆಸ್ಪತ್ರೆ ಎಂದು ಯಾರೂ ಕೇಳುತ್ತಿರಲಿಲ್ಲ. ಆ ಮನೆಗೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡುತ್ತಿದ್ದರು. ಇವೆರಡರ ನಡುವೆ, ಮರ್ಯಾದೆಗೆ ಕುಂದು ಬಾರದ ಇನ್ನೊಂದು ದಾರಿ ಮಾಡಿಕೊಟ್ಟವರಲ್ಲಿ ಡಾ. ಸಿ.ಆರ್. ಚಂದ್ರಶೇಖರ್ ಮುಖ್ಯರು. ನಿಮ್ಹಾನ್ಸ್‌ನಲ್ಲಿ ದಶಕಗಳ ಕಾಲ ಮನೋವೈದ್ಯರಾಗಿ, ಪ್ರಾಧ್ಯಾಪಕರಾಗಿ ದುಡಿದ ಅವರು ಕನ್ನಡದಲ್ಲಿ ನೂರಾರು ಪುಸ್ತಕ ಬರೆದರು. 2024ರಲ್ಲಿ ಪದ್ಮಶ್ರೀಯೂ ಬಂತು. ಆದರೆ ಸಂದ ಗೌರವಕ್ಕೆ ತಕ್ಕ ವಿಮರ್ಶೆ ಆ ಬರವಣಿಗೆಗೆ ಸಂದಿಲ್ಲ.

ಅವರ ಗದ್ಯದ ಬೇರು ಸಮುದಾಯ ಮನೋವೈದ್ಯದಲ್ಲಿದೆ. 1970ರ ದಶಕದಲ್ಲಿ ನಿಮ್ಹಾನ್ಸ್ ಬೆಂಗಳೂರಿನ ಹೊರಗೆ ಸಕಲವಾರದಲ್ಲಿ ಗ್ರಾಮೀಣ ಕೇಂದ್ರವೊಂದನ್ನು ತೆರೆಯಿತು. ಹಳ್ಳಿಗೆ ಮನೋವೈದ್ಯರು ಬರುವ ತನಕ ರೋಗಿ ಕಾಯಬೇಕಿಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತೆಯರಿಗೂ ಕಲಿಸಿದರೆ ಅವರೇ ಗುರುತಿಸಿ ಔಷಧ ಕೊಡಬಲ್ಲರು ಎಂಬುದು ಅಲ್ಲಿನ ನಂಬಿಕೆ. ಆರ್.ಎಲ್. ಕಪೂರ್, ಮೋಹನ್ ಐಸಾಕ್, ಪಾರ್ಥಸಾರಥಿ ಅವರ ಜೊತೆ ಚಂದ್ರಶೇಖರ್ ಆ ತರಬೇತಿಯನ್ನು ಕಟ್ಟಿದರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು, 1985ರಲ್ಲಿ ಇಡೀ ಬಳ್ಳಾರಿ ಜಿಲ್ಲೆ ಈ ಪ್ರಯೋಗಕ್ಕೆ ತೆರೆದುಕೊಂಡಿತು. ಅದರ ಮಾದರಿಯಲ್ಲೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಆರೋಗ್ಯ ಕಾರ್ಯಕರ್ತೆಗೆ ಖಿನ್ನತೆ ಅಂದರೇನು ಎಂದು ತಿಳಿಸಿ ಪಳಗಿದವರು ಬರೆದ ವಾಕ್ಯ ಚಂದ್ರಶೇಖರ್ ಅವರದು: ಚಿಕ್ಕದು, ನೇರ, ಎಲ್ಲೂ ಪಾಂಡಿತ್ಯ ತೋರಿಸದ್ದು.

ಓದುಗರ ಪ್ರಶ್ನೆಗೆ ಉತ್ತರ ಬರೆಯುವ ಪ್ರಕಾರದಲ್ಲಿ ಈ ಗುಣ ಎದ್ದು ಕಾಣುತ್ತದೆ. ವೀರ್ಯ ನಷ್ಟವಾಗಿ ಬಲಹೀನನಾದೆ ಎಂದು ಕಂಗಾಲಾದ ಹುಡುಗ, ಎದೆ ಝಲ್ಲೆಂದು ಸತ್ತೇಹೋಗುತ್ತೇನೆ ಎಂದು ಹೆದರಿ ಹೃದಯದ ಡಾಕ್ಟರರನ್ನು ಸುತ್ತುವ ಗಂಡಸು, ಇಂಥವರಿಗೆ ಅರ್ಧ ಪುಟದ ಉತ್ತರ. ಬೈಗುಳವಿಲ್ಲ, ನಗೆಯಿಲ್ಲ. ನಿಮ್ಮ ಮೈಯಲ್ಲಿ ನಡೆಯುತ್ತಿರುವುದು ಇದು, ಇದಕ್ಕೆ ಚಿಕಿತ್ಸೆ ಇದೆ, ಹೀಗೆ ಮಾಡಿ. ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಗುಪ್ತರೋಗದ ಜಾಹೀರಾತನ್ನಷ್ಟೇ ಓದಿ ಬೆಳೆದ ಹುಡುಗನಿಗೆ ಆ ಅರ್ಧ ಪುಟ ಎಷ್ಟು ದೊಡ್ಡ ಆಸರೆಯೆಂದು ನಮ್ಮಂಥ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಈ ಒಂದೇ ಕಾರಣಕ್ಕೆ ನಾನು ಅವರನ್ನು ದೊಡ್ಡವರೆನ್ನುತ್ತೇನೆ.

ಆದರೂ ಆ ಅರ್ಧ ಪುಟದಲ್ಲೇ ಕೊರತೆಯೂ ಇದೆ. ಉತ್ತರ ಬೇಗ ಬಂದುಬಿಡುತ್ತದೆ.

ಇದೇ ಅವಸರ ಆಸ್ಪತ್ರೆಯಲ್ಲೂ ಕಾಣುತ್ತದೆ. ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರದ ದಿನ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡಿದೆ. ಅಂಥ ಸಾಲಿನಲ್ಲಿ ಸಾಮಾನ್ಯವಾಗಿ ಕಾಣುವ ನೋಟ: ಸೊಸೆ ಸ್ಟೂಲಿನ ಮೇಲೆ, ಅತ್ತೆ ಅವಳ ಬೆನ್ನ ಹಿಂದೆ. ‘ಏನಾಗ್ತದವ್ವಾ?’ ಎಂದು ವೈದ್ಯರು ಕೇಳಿದರೆ ಅತ್ತೆ ಹೇಳುತ್ತಾಳೆ: ‘ನಿದ್ದಿ ಇಲ್ರೀ, ಊಟ ಇಲ್ರೀ, ಒಬ್ಬಾಕಿನ ಕುಂತು ಅಳತಾಳ್ರೀ.’ ಸೊಸೆ ಸೆರಗಿನ ಚುಂಗು ಸುತ್ತುತ್ತ ‘ತಲಿ ನೋಯತೈತ್ರಿ’ ಎನ್ನುತ್ತಾಳೆ, ಅಷ್ಟೇ. ಹಿಂದೆ ಸಾಲು ಉದ್ದವಿದೆ. ಚೀಟಿಯಲ್ಲಿ ಮಾತ್ರೆ ಬರೆಯಲಾಗುತ್ತದೆ, ಮಾತ್ರೆ ಬೇಕಾದದ್ದೂ ಹೌದು. ಆದರೆ ಅವಳ ಮಾತು ಇನ್ನೂ ಶುರುವಾಗಿಲ್ಲ. ಚಂದ್ರಶೇಖರ್ ಅವರ ಪುಸ್ತಕಗಳು ಸೂಚಿಸುವ ಮನೆಮಂದಿಯ ಪ್ರೀತಿ, ಹೊಂದಾಣಿಕೆ, ವ್ಯಾಯಾಮ, ಹವ್ಯಾಸ ಎಲ್ಲ ಒಳ್ಳೆಯವೇ. ಆದರೆ ಆ ಸಲಹೆಗಳಲ್ಲಿ ಮನೆ ಎಂಬುದು ಔಷಧದ ಜಾಗ. ನೋವು ಹುಟ್ಟಿದ ಜಾಗವೂ ಅದೇ ಆಗಿರುವಾಗ ಸಲಹೆ ಕಾಲೆಳೆಯುತ್ತದೆ. ಕಾರ್ಖಾನೆಯಿಂದ ಕಬ್ಬಿನ ಬಿಲ್ಲು ಬಾರದೆ, ಸೊಸೈಟಿ ಸಾಲದ ನೋಟಿಸು ಕೈಗೆ ಬಂದು ನಿದ್ದೆಗೆಟ್ಟವನಿಗೆ ದೀರ್ಘ ಉಸಿರಾಟ ಒಂದು ರಾತ್ರಿಯ ಉಪಶಮನ ಕೊಟ್ಟೀತು. ಸಾಲ ಬೆಳಗ್ಗೆಯೂ ಹಾಗೇ ಇರುತ್ತದೆ.

ಮೈಮೇಲೆ ದೇವರು ಬರುವ ವಿಷಯ ಇನ್ನೂ ಸೂಕ್ಷ್ಮ. ಇದರ ಬಗ್ಗೆ ಅವರು 1980ರ ದಶಕದಲ್ಲಿ ಸಂಶೋಧನಾ ಪ್ರಬಂಧಗಳನ್ನೇ ಬರೆದಿದ್ದಾರೆ. ಬಾಯಿಬಿಟ್ಟು ಹೇಳಲಾಗದ ಸಂಕಟ ಮೈಯಿಂದ ಹೊರಬರುತ್ತದೆ ಎಂಬ ಮನೋವೈದ್ಯದ ವಿವರಣೆ ನನಗೂ ಒಪ್ಪಿಗೆ. ಆದರೆ ನಮ್ಮ ಹಳ್ಳಿಯ ಎಷ್ಟೋ ಸೊಸೆಯಂದಿರಿಗೆ ಅತ್ತೆ ಕೈಮುಗಿಯುವುದು ದೇವರು ಮೈಯಲ್ಲಿರುವ ಆ ಗಳಿಗೆಯಲ್ಲಿ ಮಾತ್ರ. ಅದನ್ನು ಗುಣಪಡಿಸಿದ ಮೇಲೆ ಅವಳ ಕೈಯಲ್ಲಿ ಏನು ಉಳಿಯಿತು? ಮನೋವೈದ್ಯರಾದ ಕಾರ್ಸ್ಟೇರ್ಸ್ ಮತ್ತು ಕಪೂರ್ 1976ರಲ್ಲಿ ಪ್ರಕಟಿಸಿದ, ಕರಾವಳಿಯ ಕೋಟದ ಅಧ್ಯಯನ ಮಂತ್ರವಾದಿಯನ್ನೂ ದೇವರು ಮೈಮೇಲೆ ಬರುವ ಪಾತ್ರಿಯನ್ನೂ ಜನ ನೆರವಿಗಾಗಿ ಹುಡುಕಿ ಹೋಗುವವರೆಂದು ಗಂಭೀರವಾಗಿ ಗಮನಿಸಿತ್ತು. ಜನಪ್ರಿಯ ಕನ್ನಡ ಬರಹ ಆ ತಾಳ್ಮೆಯನ್ನು ಮುಂದುವರಿಸಲಿಲ್ಲ. ಮೂಢನಂಬಿಕೆ ತೊಡೆಯುವ ಅವಸರ ಅದಕ್ಕಿತ್ತು.

ಅಂಥ ತಾಳ್ಮೆಗೆ ಹೊರಗೊಂದು ಮಾದರಿಯಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1942ರ ತಮ್ಮ ಪುಸ್ತಕದಲ್ಲಿ ಒಬ್ಬನೇ ವ್ಯಕ್ತಿಯ ಜೊತೆಗಿನ ಎಂಟು ಭೇಟಿಗಳ ಮಾತುಕತೆಯನ್ನು ಧ್ವನಿಮುದ್ರಿಸಿ, ಅಕ್ಷರಕ್ಕಿಳಿಸಿ, ಪೂರ್ತಿ ಅಚ್ಚು ಹಾಕಿಸಿದರು. ಚಿಕಿತ್ಸಕ ಎಲ್ಲಿ ಎಡವಿದ, ಎಲ್ಲಿ ಬಾಯಿ ಹಾಕಬಾರದಿತ್ತು ಎಂಬುದೂ ಓದುಗರಿಗೆ ಕಾಣುವಂತಿತ್ತು. ಕನ್ನಡದಲ್ಲಿ ನಾನು ಓದಿದ ಮಟ್ಟಿಗೆ ಅಂಥದ್ದು ಇಲ್ಲ. ವೈದ್ಯ, ಲೇಖಕ ರಾಶಿಯವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗಲೇ ಮನಸ್ಸಿನ ಕುರಿತ ಕನ್ನಡ ಬರಹ ದೊಡ್ಡ ಮನ್ನಣೆ ಪಡೆದಿತ್ತು. ಆಮೇಲೆ ಮಾಹಿತಿ ಬೆಳೆಯಿತು, ಧೈರ್ಯ ಹೇಳುವುದು ಬೆಳೆಯಿತು, ಚಿಕಿತ್ಸೆಯ ಕೋಣೆಯೊಳಗಿನ ಮಾತು ಮಾತ್ರ ಹೊರಗೆ ಬರಲಿಲ್ಲ.

ಈ ಕೊರತೆಯನ್ನು ಚಂದ್ರಶೇಖರ್ ಒಬ್ಬರ ಮೇಲೆ ಹೊರಿಸುವುದು ಅನ್ಯಾಯ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರವೇ ಕಾಯಿಲೆಗೆ ತಕ್ಕಂತೆ ಶೇ. 70ರಿಂದ 92ರಷ್ಟು ಜನರಿಗೆ ಚಿಕಿತ್ಸೆ ಸಿಗುತ್ತಿರಲಿಲ್ಲ. ಅಂಥ ದೇಶದಲ್ಲಿ ಅವರು ಅಗಲವನ್ನು ಆರಿಸಿಕೊಂಡರು, ಆಳ ಬಿಟ್ಟುಹೋಯಿತು. ಬೆಂಗಳೂರಿನಲ್ಲಿ ಅವರು ಕಟ್ಟಿದ ‘ಸಮಾಧಾನ’ ಕೇಂದ್ರದಲ್ಲಿ ಉಚಿತ ಆಪ್ತಸಲಹೆ ಸಿಗುತ್ತದೆ, ಸಾಮಾನ್ಯ ಜನರಿಗೆ ಅದರ ತರಬೇತಿಯೂ ಇದೆ. ಕೇಳಿಸಿಕೊಳ್ಳುವ ಕೆಲಸ ಡಿಗ್ರಿಯವರ ಸೊತ್ತಲ್ಲ ಎಂದು ಅವರು ಮಾಡಿ ತೋರಿಸಿದರು. ನನ್ನ ಲೆಕ್ಕದಲ್ಲಿ ಅವರ ಪುಸ್ತಕಗಳಿಗಿಂತ ಇದು ಮುಂದಿನ ಹೆಜ್ಜೆ. ಹುಕ್ಕೇರಿ, ಗೋಕಾಕ, ಮೂಡಲಗಿಯಲ್ಲಿ ಅಂಥ ತರಬೇತಿ ನಡೆಯಬೇಕಾದರೆ ಹಳೇ ಮೈಸೂರಿನ ಪಠ್ಯ ಸಾಲದು; ‘ಜೀವ ಕಸಿವಿಸಿ ಆಗತೈತಿ’ ಎನ್ನುವವಳ ಮಾತಿನಿಂದಲೇ ಪಾಠ ಆರಂಭವಾಗಬೇಕು. ಧಾರವಾಡ, ಬೆಳಗಾವಿಯ ಚಿಕಿತ್ಸಕರಲ್ಲಿ ಯಾರಾದರೂ ರೋಗಿಯ ಒಪ್ಪಿಗೆ ಪಡೆದು, ಹೆಸರು ಊರು ಮರೆಸಿ, ಒಬ್ಬಳೇ ಹೆಂಗಸಿನ ಜೊತೆ ತಿಂಗಳುಗಟ್ಟಲೆ ನಡೆದ ಮಾತುಕತೆಯನ್ನು ಪುಸ್ತಕ ಮಾಡಲಿ. ಅತ್ತೆಯನ್ನು ಹೊರಗೆ ಕೂರಿಸಿದ ಮೇಲೆ ಅವಳು ಏನು ಹೇಳಿದಳು ಎಂಬುದು ಅದರಲ್ಲಿರಲಿ.